ಚೀಟಿ ಬರದ ಹೊತ್ತಿನ ಹಾಲು: ಅಬ್ಸರ್ವೆಬಲ್ ಎಂಬ ಪುಟ್ಟ ಲೈಬ್ರರಿಯ ಒಂದು ಪ್ರಕರಣ

ಹದಿನೈದು ದಿನಕ್ಕೆ 30 ಹೊತ್ತು: ಬೆಳಿಗ್ಗೆ ಒಂದು, ಸಂಜೆ ಒಂದು. ಸದಸ್ಯ ಸಂಖ್ಯೆ 47ರ ಅಜ್ಜಿ ಒಂದು ಹೊತ್ತೂ ತಪ್ಪಿಸದೆ ಡೇರಿಗೆ ಹಾಲು ಹಾಕಿದ್ದರು. ಬಟವಾಡೆಯ ದಿನ ಕಂಪ್ಯೂಟರ್ ತೆಗೆದುಕೊಟ್ಟ ಲೆಕ್ಕದಲ್ಲಿ 28 ಹೊತ್ತು ಮಾತ್ರ ಇತ್ತು.

"ಅಜ್ಜಿ, ಎರಡು ಹೊತ್ತು ನೀವು ಬಂದಿಲ್ಲ" ಎಂದರು ಕಾರ್ಯದರ್ಶಿ.

"ಬಂದಿದ್ದೇನಪ್ಪ. ಬೋರ್ಡಿನಲ್ಲಿ ಅಂಕಿ ಬಂತು, ಮೊಮ್ಮಗಳು ಓದಿ ಹೇಳಿದಳು. ಚೀಟಿ ಮಾತ್ರ ಬರಲಿಲ್ಲ. ಪೇಪರ್ ಮುಗಿದಿದೆ, ನಾಳೆ ಕೊಡುತ್ತೇನೆ ಎಂದು ನೀನೇ ಹೇಳಿ ಕಳಿಸಿದೆ."

ಅಜ್ಜಿ ತಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಹೊತ್ತಿಗೊಂದರಂತೆ ಇದ್ದಿಲಿನ ಗೆರೆ ಎಳೆಯುತ್ತಿದ್ದರು. ಮೊಮ್ಮಗಳು ಆ ಗೋಡೆಯ ಫೋಟೊ ತೆಗೆದುಕೊಂಡು ಬಂದಿದ್ದಳು. ಐದೈದು ಗೆರೆಗಳ ಆರು ಗುಂಪು. ಕಾರ್ಯದರ್ಶಿ ಆ ಫೋಟೊವನ್ನು ನನ್ನ ಮೊಬೈಲಿಗೆ ಕಳಿಸಿ, ಬೆನ್ನಿಗೇ ಕರೆ ಮಾಡಿ ಕೇಳಿದರು: "ಸರ್, ಪೇಪರ್ ಮುಗಿದರೆ ಲೆಕ್ಕವೂ ಹೋಗುತ್ತದೆಯೇ?"

ಹಾಗಾಗಲು ಸಾಧ್ಯವೇ ಇಲ್ಲ ಎಂದೆ. ಆ ಡೇರಿಯ ಹಾಲು ಖರೀದಿಯ ತಂತ್ರಾಂಶವನ್ನು ನೋಡಿಕೊಳ್ಳುವವನು ನಾನು. ಪ್ರಿಂಟರ್ ಬೇರೆ, ಲೆಕ್ಕ ಬೇರೆ. ಎರಡರ ನಡುವೆ ಸಂಬಂಧವೇ ಇರಬಾರದು ಎಂದೇ ಆ ತಂತ್ರಾಂಶವನ್ನು ಅಬ್ಸರ್ವರ್ ವಿನ್ಯಾಸ ಮಾದರಿಯಲ್ಲಿ, ಅಂದರೆ ಒಂದು ಕಡೆ ಆದ ಬದಲಾವಣೆಯ ಸುದ್ದಿ ಹೆಸರು ಕೊಟ್ಟ 'ನೋಡುಗ'ರಿಗೆಲ್ಲ ಹೋಗುವ ರೀತಿಯಲ್ಲಿ, ಕಟ್ಟಲಾಗಿತ್ತು. ಅದೇ ಸಂಜೆ, ತಂತ್ರಾಂಶ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ಕಡತವನ್ನು ತರಿಸಿ ನೋಡಿದೆ. ಲೆಕ್ಕ ಹೋಗುತ್ತಿತ್ತು.

ತಕ್ಕಡಿಯಿಂದ ಪುಸ್ತಕದವರೆಗೆ

ವ್ಯವಸ್ಥೆ ದೊಡ್ಡದೇನಲ್ಲ. ರೈತರು ತಂದು ಸುರಿದ ಹಾಲನ್ನು ಎಲೆಕ್ಟ್ರಾನಿಕ್ ತಕ್ಕಡಿ ತೂಗುತ್ತದೆ. ಅದರಲ್ಲಿ ಒಂದಿಷ್ಟನ್ನು ಪರೀಕ್ಷಾ ಯಂತ್ರ ಹೀರಿಕೊಂಡು ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅಂಕಿ ಕೊಡುತ್ತದೆ. ಎರಡೂ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಬಂದು ಸೇರಿದ ಕೂಡಲೇ ಮೂರು ಕೆಲಸ ಆಗಬೇಕು. ಖರೀದಿ ಪುಸ್ತಕಕ್ಕೆ, ಅಂದರೆ ಡೇಟಾಬೇಸಿಗೆ, ಒಂದು ಸಾಲು ಸೇರಬೇಕು. ಥರ್ಮಲ್ ಪ್ರಿಂಟರಿನಿಂದ ಚೀಟಿ ಬರಬೇಕು. ಸಾಲಿನಲ್ಲಿ ನಿಂತವರಿಗೆಲ್ಲ ಕಾಣುವಂತೆ ಗೋಡೆಗೆ ಹಾಕಿದ ಬೋರ್ಡಿನಲ್ಲಿ ಅಂಕಿ ಮೂಡಬೇಕು. ಹಾಲಿನ ಬೆಲೆ ನಿಂತಿರುವುದು ಆ ಪುಸ್ತಕದ ಸಾಲಿನ ಮೇಲೆ. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನ ನಿಂತಿರುವುದೂ ಅದರ ಮೇಲೆಯೇ. ಒಂದು ಸಾಲು ತಪ್ಪಿದರೆ ರೈತನಿಗೆ ಎರಡು ಕಡೆ ನಷ್ಟ.

ಈ ಮೂರು ಕೆಲಸಗಳನ್ನು ಜೋಡಿಸಲು ಹಿಂದಿನ ಪ್ರೋಗ್ರಾಮರ್ ಬಳಸಿದ್ದು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಅಬ್ಸರ್ವೆಬಲ್ ಎಂಬ ಕ್ಲಾಸ್ (ಕೋಡಿನ ಒಂದು ಘಟಕ) ಮತ್ತು ಅಬ್ಸರ್ವರ್ ಎಂಬ ಇಂಟರ್ಫೇಸ್. ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್ ಮತ್ತು ಜಾನ್ ವ್ಲಿಸಿಡಿಸ್ 1994ರಲ್ಲಿ ಹೆಸರಿಟ್ಟು ವಿವರಿಸಿದ 23 ವಿನ್ಯಾಸ ಮಾದರಿಗಳಲ್ಲಿ ಅಬ್ಸರ್ವರ್ ಒಂದು. 1996ರಲ್ಲಿ ಜಾವಾದ ಮೊದಲ ಆವೃತ್ತಿ ಬಂದಾಗಲೇ ಅದಕ್ಕೆ ಈ ಸಿದ್ಧ ಲೈಬ್ರರಿಯೂ ಇತ್ತು. ಟಿಪ್ಪಣಿಗಳನ್ನು ತೆಗೆದರೆ ನೂರು ಸಾಲೂ ಇಲ್ಲದ ಕೋಡ್. ಒಳಗೆ ಇರುವುದು ಎರಡೇ ವಸ್ತು: ನೋಡುಗರ ಹೆಸರು ಬರೆದಿಟ್ಟುಕೊಳ್ಳುವ ಒಂದು ವೆಕ್ಟರ್, ಅಂದರೆ ಪಟ್ಟಿ, ಮತ್ತು 'ಏನಾದರೂ ಬದಲಾಗಿದೆಯೇ' ಎಂದು ನೆನಪಿಡುವ ಒಂದು ಹೌದು-ಇಲ್ಲ ಗುರುತು. ನಮ್ಮ ತಂತ್ರಾಂಶದಲ್ಲಿ 'ಹಾಲಿನ ಅಳತೆ' ಎಂಬ ಕ್ಲಾಸ್ ಈ ಅಬ್ಸರ್ವೆಬಲ್‌ನ ಮಗುವಾಗಿತ್ತು, ಅಂದರೆ ಅದರ ಗುಣಗಳನ್ನೆಲ್ಲ ಪಡೆದಿತ್ತು. ಪುಸ್ತಕ, ಪ್ರಿಂಟರ್, ಬೋರ್ಡು ಮೂರೂ ಅದರ ನೋಡುಗರಾಗಿದ್ದವು.

ಈ ಮಾದರಿಯನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ಬಹಳ ಮಂದಿ ಡಂಗುರದ ಹೋಲಿಕೆ ಕೊಡುತ್ತಾರೆ. ಊರ ನಡುವೆ ನಿಂತು ಒಮ್ಮೆ ಸಾರಿದರೆ ಎಲ್ಲರ ಕಿವಿಗೂ ಬೀಳುತ್ತದೆ, ಯಾರು ಕೇಳಿದರು ಯಾರು ಕೇಳಲಿಲ್ಲ ಎಂಬುದು ಸಾರಿದವನ ಚಿಂತೆಯಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಕೋಡಿನ ಒಳಗೆ ನಡೆಯುವುದು ಡಂಗುರವಲ್ಲ, ಮದುವೆಯ ಕರೆ. ಪಟ್ಟಿ ಹಿಡಿದು ಒಬ್ಬನೇ ಮನುಷ್ಯ ಮನೆಯಿಂದ ಮನೆಗೆ ನಡೆಯುತ್ತಾನೆ. ಒಂದು ಮನೆಯಲ್ಲಿ ಮಾತು ಮುಗಿಯುವವರೆಗೆ ಮುಂದಿನ ಮನೆಗೆ ಹೋಗುವುದಿಲ್ಲ. ಎರಡನೆಯ ಮನೆಯ ಬಾಗಿಲಲ್ಲಿ ನಾಯಿ ಕಚ್ಚಿದರೆ ಅವನು ಆಸ್ಪತ್ರೆಗೆ ಹೋಗುತ್ತಾನೆ; ಮೂರನೆಯ ಮನೆಗೆ ಕರೆಯೇ ಮುಟ್ಟುವುದಿಲ್ಲ. ಆ ಮನೆಯವರಿಗೆ ಮದುವೆ ಇದೆ ಎಂಬುದೇ ತಿಳಿಯುವುದಿಲ್ಲ.

ನಮ್ಮ ಪ್ರಕರಣದಲ್ಲಿ ನಾಯಿ ಕಚ್ಚಿದ್ದು ಪ್ರಿಂಟರಿನ ಮನೆಯಲ್ಲಿ. ಪೇಪರ್ ಮುಗಿದಾಗ ಪ್ರಿಂಟರಿನ ಕೋಡ್ ಒಂದು ಎಕ್ಸೆಪ್ಷನ್ (ಕೆಲಸ ಕೆಟ್ಟಿತೆಂಬ ಸಂಕೇತ) ಎಸೆಯುತ್ತಿತ್ತು. ಅಬ್ಸರ್ವೆಬಲ್‌ನ ಸುತ್ತಿನಲ್ಲಿ ಅದನ್ನು ಹಿಡಿಯುವ ಏರ್ಪಾಡು ಇಲ್ಲ, ಹಾಗಾಗಿ ಸುತ್ತು ಅಲ್ಲಿಗೇ ಮುರಿಯುತ್ತಿತ್ತು. ಹೊರಗೆ ಸೀರಿಯಲ್ ಕೇಬಲ್ ಓದುವ ಥ್ರೆಡ್ (ತಂತ್ರಾಂಶದೊಳಗೆ ತನ್ನಷ್ಟಕ್ಕೆ ಓಡುವ ಕೆಲಸದ ಎಳೆ) ಆ ಎಕ್ಸೆಪ್ಷನ್ನನ್ನು ಹಿಡಿದು, ಲಾಗಿಗೆ ಬರೆದು, ಮುಂದಿನ ಅಳತೆಗೆ ಕಾಯುತ್ತಿತ್ತು. ಬೆಳಗಿನ ಸಾಲಿನಲ್ಲಿ ಜನ ನಿಂತಿರುವಾಗ ಇಡೀ ತಂತ್ರಾಂಶ ಬಿದ್ದುಹೋಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಹಾಗೆ ಬರೆದದ್ದು. ತೆರೆಯ ಮೇಲೆ ಮಾತ್ರ ಏನೂ ಕಾಣುತ್ತಿರಲಿಲ್ಲ.

ಮೂರು ಸಾಲುಗಳ ಬದಲಾವಣೆ

ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಪುಸ್ತಕವನ್ನು ನೋಡುಗರ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ಸೇರಿಸಿದ್ದೆ. ಪ್ರಿಂಟರ್ ಎರಡನೆಯದು, ಬೋರ್ಡು ಮೂರನೆಯದು. ಪ್ರಿಂಟರಿನಲ್ಲಿ ಸುತ್ತು ಮುರಿದರೆ ಬೋರ್ಡಿಗೆ ಸುದ್ದಿ ಮುಟ್ಟಬಾರದು, ಪುಸ್ತಕಕ್ಕೆ ಮುಟ್ಟಿರಬೇಕು. ಅಜ್ಜಿ ಹೇಳುತ್ತಿರುವುದು ತದ್ವಿರುದ್ಧ: ಬೋರ್ಡಿನಲ್ಲಿ ಅಂಕಿ ಬಂದಿದೆ, ಪುಸ್ತಕದಲ್ಲಿ ಇಲ್ಲ.

ಆಗ ಜಾವಾದ ಮೂಲ ಕೋಡನ್ನೇ ತೆರೆದೆ. ಮೊದಲೇ ತೆರೆಯಬೇಕಿತ್ತು. ಸುದ್ದಿ ಮುಟ್ಟಿಸುವ ಸುತ್ತು ಪಟ್ಟಿಯ ಕೊನೆಯ ಹೆಸರಿನಿಂದ ಶುರುವಾಗಿ, ಪಟ್ಟಿಯ ಮೊದಲ ಸ್ಥಾನವಾದ ಸೊನ್ನೆಯ ಕಡೆಗೆ ಇಳಿಯುತ್ತದೆ. ಕೊನೆಗೆ ಸೇರಿದವರಿಗೆ ಮೊದಲ ಸುದ್ದಿ, ಮೊದಲು ಸೇರಿದವರಿಗೆ ಕೊನೆಯ ಸುದ್ದಿ. ಬೋರ್ಡು, ಪ್ರಿಂಟರ್, ಪುಸ್ತಕ: ಅದು ನಡೆಯುವ ಕ್ರಮ ಇದು. ಅದೇ ಕಡತದ ತಲೆಯಲ್ಲಿರುವ ವಿವರಣೆ ಎರಡು ಮಾತು ಹೇಳುತ್ತದೆ. ಕ್ರಮ ಇಂಥದ್ದೇ ಎಂಬ ಖಾತರಿ ಇಲ್ಲ ಎನ್ನುವುದು ಮೊದಲನೆಯದು. ಈ ಮೂಲ ಕ್ಲಾಸ್ ಮಾತ್ರ ನೋಡುಗರಿಗೆ ಅವರು ಹೆಸರು ನೋಂದಾಯಿಸಿದ ಕ್ರಮದಲ್ಲೇ ತಿಳಿಸುತ್ತದೆ ಎನ್ನುವುದು ಎರಡನೆಯದು. ನಾನು ಎರಡನೆಯ ವಾಕ್ಯವನ್ನು ನಂಬಿದ್ದೆ. ಅದರ ಕೆಳಗಿರುವ ಕೋಡ್ ಆ ವಾಕ್ಯಕ್ಕೆ ಬೆನ್ನು ಹಾಕಿ ನಡೆಯುತ್ತದೆ.

ಹಿಂದಿನ ಪ್ರೋಗ್ರಾಮರ್ ಮೊದಲು ಬೋರ್ಡು, ಆಮೇಲೆ ಪ್ರಿಂಟರ್, ಕೊನೆಗೆ ಪುಸ್ತಕ ಎಂದು ಸೇರಿಸಿದ್ದರು. ಉಲ್ಟಾ ನಡಿಗೆಯಲ್ಲಿ ಪುಸ್ತಕಕ್ಕೇ ಮೊದಲ ಸುದ್ದಿ. ಪೇಪರ್ ಮುಗಿದರೆ ಬೋರ್ಡು ಮಾತ್ರ ಹಿಂದಿನ ರೈತರ ಅಂಕಿಯ ಮೇಲೆ ನಿಂತುಬಿಡುತ್ತಿತ್ತು. ಡೇರಿಯಿಂದ ಆ ಬಗ್ಗೆ ಒಂದು ದೂರೂ ಬಂದಿತ್ತು: ರೋಲ್ ಮುಗಿದಾಗ ಬೋರ್ಡಿನಲ್ಲಿ ಹಳೆಯ ಅಂಕಿಯೇ ಕಾಣುತ್ತದೆ, ಜನ ಜಗಳಕ್ಕೆ ಬರುತ್ತಾರೆ. ಆ ದೂರು ಇನ್ನೂ ಬಾಕಿ ಇರುವಾಗಲೇ ಹೊಸ ಕಂಪ್ಯೂಟರ್ ಬಂತು, ತಂತ್ರಾಂಶವನ್ನು ಜಾವಾ 8ರಿಂದ ಜಾವಾ 17ಕ್ಕೆ ಏರಿಸಿದೆ. ಏರಿಸುವಾಗ ಶುರುವಿನ ಕೋಡನ್ನು ಓರಣ ಮಾಡಿದೆ. ಮುಖ್ಯವಾದದ್ದು ಮೇಲಿರಲಿ ಎಂದು ಮೂರು ಸಾಲುಗಳನ್ನು ತಿರುಗಿಸಿದೆ: ಪುಸ್ತಕ, ಪ್ರಿಂಟರ್, ಬೋರ್ಡು.

ಒಂದು ವಾರ ಬಿಟ್ಟು ಕಾರ್ಯದರ್ಶಿಯವರನ್ನು ಕೇಳಿದೆ, ಬೋರ್ಡು ಈಗಲೂ ನಿಲ್ಲುತ್ತದೆಯೇ ಎಂದು. "ಇಲ್ಲ ಸರ್, ಈಗ ಸರಿಹೋಗಿದೆ" ಎಂದರು. ಹೊಸ ಜಾವಾದಿಂದ ಸರಿಹೋಗಿರಬೇಕು ಎಂದುಕೊಂಡು ದೂರನ್ನು ಮುಚ್ಚಿದೆ. ಇಡೀ ಪ್ರಕರಣದಲ್ಲಿ ನನ್ನನ್ನು ಈಗಲೂ ಕಾಡುವುದು ಈ ಗಳಿಗೆ. ಉಲ್ಟಾ ನಡಿಗೆ ನನಗೆ ಗೊತ್ತಿರಲಿಲ್ಲ, ಅದು ಒಂದು ಮಾತು. ಆದರೆ ಸರಿಪಡಿಸದೆಯೇ ಸರಿಹೋದ ದೂರು ಕಣ್ಣೆದುರಿಗಿತ್ತು. ಏಕೆ ಸರಿಹೋಯಿತು ಎಂದು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತಿತ್ತು. ಬೋರ್ಡು ನಿಂತುಹೋಗುವುದು ಎಲ್ಲರಿಗೂ ಕಾಣುವ ದೋಷ. ಅದನ್ನು ತೆಗೆದು ಆ ಜಾಗದಲ್ಲಿ ಯಾರಿಗೂ ಕಾಣದ ದೋಷವನ್ನು ತಂದು ಕೂರಿಸಿದ್ದೆ.

ಮತ್ತೊಂದು ಸುಳಿವೂ ಇತ್ತು. ಜಾವಾ 9ರಿಂದ, ಅಂದರೆ 2017ರಿಂದ, ಅಬ್ಸರ್ವೆಬಲ್ ಅನ್ನು ಬಳಸಬೇಡಿ ಎಂದು ಜಾವಾವೇ ಎಚ್ಚರಿಸುತ್ತದೆ. ಕಾರಣಗಳನ್ನೂ ಕೊಡುತ್ತದೆ: ಸುದ್ದಿ ಮುಟ್ಟುವ ಕ್ರಮ ನಿಗದಿಯಿಲ್ಲ, ಆದ ಬದಲಾವಣೆಗಳಿಗೂ ಹೋದ ಸುದ್ದಿಗಳಿಗೂ ಒಂದಕ್ಕೊಂದು ತಾಳೆ ಇಲ್ಲ. ಕಂಪೈಲ್ ಮಾಡಿದಾಗ, ಅಂದರೆ ಕೋಡನ್ನು ಓಡಿಸಬಲ್ಲ ರೂಪಕ್ಕೆ ತಂದಾಗ, ಆ ಎಚ್ಚರಿಕೆ ನನಗೂ ಬಂದಿತ್ತು. ಒಂದು ಸಾಲು ಬರೆದು ಅದರ ಬಾಯಿ ಮುಚ್ಚಿಸಿದ್ದೆ. ಕ್ಲಾಸನ್ನು ಜಾವಾದಿಂದ ತೆಗೆದುಹಾಕುತ್ತಾರೆ ಎಂದೇನೂ ಅದರಲ್ಲಿ ಇರಲಿಲ್ಲ, ಕೆಲಸ ನಡೆಯುತ್ತಿತ್ತು.

ಆ ಎರಡನೆಯ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅದೂ ಕಾದು ಕುಳಿತಿತ್ತು. ಸುದ್ದಿ ಕಳಿಸುವ ಮೊದಲು 'ಬದಲಾಗಿದೆ' ಎಂಬ ಗುರುತು ಹಾಕಬೇಕು. ಹಾಕುವುದನ್ನು ಮರೆತರೆ ಯಾರಿಗೂ ಸುದ್ದಿ ಹೋಗುವುದಿಲ್ಲ, ತಪ್ಪಾಗಿದೆ ಎಂದು ಯಾರೂ ಹೇಳುವುದೂ ಇಲ್ಲ. ಗುರುತು ಇರುವುದು ಒಂದೇ. ತಕ್ಕಡಿಯ ಥ್ರೆಡ್ ಮತ್ತು ಪರೀಕ್ಷಾ ಯಂತ್ರದ ಥ್ರೆಡ್ ಒಂದರ ಹಿಂದೆ ಒಂದು ಬಂದು ಗುರುತು ಹಾಕಿದವು ಎನ್ನಿ. ಮೊದಲನೆಯದು ಸುದ್ದಿ ಕಳಿಸಿ ಗುರುತನ್ನು ಅಳಿಸುತ್ತದೆ. ಎರಡನೆಯದು ಬಂದು ನೋಡಿದರೆ ಗುರುತಿಲ್ಲ, ಸುಮ್ಮನೆ ಹಿಂತಿರುಗುತ್ತದೆ. ಬೋರ್ಡಿಗೆ ಇದರಿಂದ ತೊಂದರೆ ಇಲ್ಲ, ಅದಕ್ಕೆ ಬೇಕಾದದ್ದು ಇತ್ತೀಚಿನ ಅಂಕಿ ಅಷ್ಟೆ. ಸುದ್ದಿಗೊಂದು ಸಾಲು ಬರೆಯುವ ಪುಸ್ತಕಕ್ಕೆ ಇದು ವಿಷ. ಈ ಕ್ಲಾಸ್ ಬರೆದವರು ಅಪ್ರಾಮಾಣಿಕರಲ್ಲ. ಸುದ್ದಿ ಹೋಗುತ್ತಿರುವಾಗ ಸೇರಿದ ಹೊಸ ನೋಡುಗನಿಗೆ ಅದು ತಪ್ಪಬಹುದು, ಆಗಷ್ಟೇ ಬಿಟ್ಟುಹೋದವನಿಗೆ ಬೇಡದಿದ್ದರೂ ಮುಟ್ಟಬಹುದು ಎಂದು ಮೂಲ ಕೋಡಿನ ಟಿಪ್ಪಣಿಯಲ್ಲಿ ಅವರೇ ಬರೆದಿಟ್ಟಿದ್ದಾರೆ. ತೆರೆಯ ಮೇಲಿನ ಚಿತ್ರ ಹೊಸದಾಗಿರಲಿ ಎಂಬಂಥ ಕೆಲಸಕ್ಕೆ ಅಷ್ಟು ಸಾಕು. ಹಣದ ಲೆಕ್ಕವನ್ನು ಅದರ ಮೇಲೆ ಹೊರಿಸಿದ್ದು ನಾವು.

ಕಳೆದ ಹಾಲು

ಲಾಗಿನಲ್ಲಿ ಅದೇ ಎಕ್ಸೆಪ್ಷನ್ 11 ಬಾರಿ ಸಿಕ್ಕಿತು. ರೋಲ್ ಮುಗಿದು, ಹೊಸದು ಹಾಕುವ ಒಂದೆರಡು ನಿಮಿಷದೊಳಗೆ ತಕ್ಕಡಿಯ ಮುಂದೆ ನಿಂತಿದ್ದವರು ಅವರು. ಎಂಟು ಮನೆಗಳವರಿಗೆ ಒಂದೊಂದು ಹೊತ್ತು, ಅಜ್ಜಿಗೆ ಎರಡು ಹೊತ್ತು, ಇನ್ನೊಂದು ಹೊತ್ತಿನ ಸದಸ್ಯ ಸಂಖ್ಯೆಯನ್ನೇ ತಪ್ಪಾಗಿ ಒತ್ತಲಾಗಿತ್ತು. ಸಮಯ ಮತ್ತು ಸದಸ್ಯ ಸಂಖ್ಯೆ ಲಾಗಿನಲ್ಲಿದ್ದವು, ತೂಕ ಇರಲಿಲ್ಲ. ಆ ಹೊತ್ತುಗಳಲ್ಲಿ ಡೇರಿ ಕಳಿಸಿದ ಹಾಲು ಪುಸ್ತಕದ ಮೊತ್ತಕ್ಕಿಂತ ಕೆಲವು ಲೀಟರ್ ಹೆಚ್ಚಿತ್ತು. ಅಳತೆಯಲ್ಲಿ ಅಷ್ಟು ಹೆಚ್ಚುಕಡಿಮೆ ಇದ್ದದ್ದೇ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಡಳಿತ ಮಂಡಳಿಯ ಮುಂದೆ ನಡೆದದ್ದನ್ನೆಲ್ಲ ಹೇಳಿದೆ, ಸಾಲು ತಿರುಗಿಸಿದ್ದು ನಾನೇ ಎಂಬುದನ್ನೂ ಸೇರಿಸಿ. ಹಿಂದಿನ ದಿನ ಮತ್ತು ಮರುದಿನದ ಅದೇ ಹೊತ್ತಿನ ಸರಾಸರಿ ಹಿಡಿದು ಹಣ ಕೊಡುವುದೆಂದು ತೀರ್ಮಾನವಾಯಿತು. ಸಂಖ್ಯೆ ತಪ್ಪಿದ ಆ ಒಂದು ಹೊತ್ತು ಯಾರದೆಂದು ತಕ್ಕಡಿಯ ಬಳಿ ಕೂರುವ ಹುಡುಗ ನೆನಪಿನಿಂದ ಹೇಳಿದ. ಅವನ ಮಾತನ್ನು ಎಲ್ಲರೂ ಒಪ್ಪಿದರು.

ಯಾವ ಲೈಬ್ರರಿ?

ಸಾಲುಗಳನ್ನು ಮತ್ತೆ ತಿರುಗಿಸಿದರೆ ಹತ್ತು ನಿಮಿಷದ ಕೆಲಸ. ಪುಸ್ತಕ ಉಳಿಯುತ್ತಿತ್ತು, ಆದರೆ ಮುಂದೆ ಇನ್ನೊಬ್ಬರು ಓರಣ ಮಾಡುವವರೆಗೆ ಮಾತ್ರ. ಪ್ರಿಂಟರಿನ ಎಕ್ಸೆಪ್ಷನ್ನನ್ನು ಅದರ ಒಳಗೇ ಹಿಡಿಯಬಹುದಿತ್ತು. ನಾಳೆ ಬೋರ್ಡಿನ ಕೇಬಲ್ ಕಿತ್ತರೆ ಅದೇ ಕತೆ.

ಜಾವಾವೇ ಸೂಚಿಸುವ ಬದಲಿಗಳಲ್ಲಿ ಜಾವಾ ಬೀನ್ಸ್ ಗುಂಪಿನ ಪ್ರಾಪರ್ಟಿಚೇಂಜ್‌ಸಪೋರ್ಟ್ ಎಲ್ಲಕ್ಕಿಂತ ಹತ್ತಿರದ್ದು. ಅದನ್ನು ಬಳಸಲು ಯಾವ ಕ್ಲಾಸಿನ ಮಗುವೂ ಆಗಬೇಕಿಲ್ಲ, ಅದೊಂದು ಒಳ್ಳೆಯ ಗುಣ. ಆದರೆ ಹಳೆಯ ಅಂಕಿ ಮತ್ತು ಹೊಸ ಅಂಕಿ ಒಂದೇ ಆಗಿದ್ದರೆ ಅದು ಸುದ್ದಿಯನ್ನೇ ಕಳಿಸುವುದಿಲ್ಲ. ಡೇರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಮೂರೂವರೆ ಮೂರೂವರೆ ಲೀಟರ್ ಹಾಕುವುದು ದಿನದ ಮಾತು. ಎರಡನೆಯವರ ಹಾಲು ಮತ್ತೆ ಗಾಳಿಗೆ ಹೋಗುತ್ತಿತ್ತು. ಹಳೆಯ ಅಂಕಿಯ ಜಾಗದಲ್ಲಿ ನಲ್ (ಏನೂ ಇಲ್ಲ ಎಂಬ ಗುರುತು) ಕೊಟ್ಟು ಇದನ್ನು ದಾಟಬಹುದು. ಅದನ್ನು ಗೊತ್ತಿದ್ದವರೇ ಪ್ರತಿ ಬಾರಿ ನೆನಪಿಟ್ಟುಕೊಂಡು ಬರೆಯಬೇಕು. ಗೂಗಲ್‌ನ ಗುವಾವಾ ಲೈಬ್ರರಿಯ ಇವೆಂಟ್‌ಬಸ್ ಒಬ್ಬ ನೋಡುಗನ ಎಕ್ಸೆಪ್ಷನ್ ಇನ್ನೊಬ್ಬನಿಗೆ ತಟ್ಟದಂತೆ ನೋಡಿಕೊಳ್ಳುತ್ತದೆ. ಆದರೆ ಅದನ್ನು ಬಳಸದಿರುವುದೇ ಮೇಲು ಎಂದು ಅದರ ದಾಖಲೆಯೇ ಹೇಳುತ್ತದೆ. ಜಾವಾ 9ರಲ್ಲಿ ಬಂದ ಫ್ಲೋ ಇರುವುದು ಸುದ್ದಿ ಪ್ರವಾಹದಂತೆ ಬರುವ ಕಡೆಗೆ. ನಿಮಿಷಕ್ಕೆ ಮೂರ್ನಾಲ್ಕು ರೈತರು ಬರುವ ಡೇರಿಗೆ ಅದು ಬೇಡ.

ಇಷ್ಟನ್ನೆಲ್ಲ ತೂಗಿ ನೋಡುವಾಗ ಗೊತ್ತಾದದ್ದು, ನಾನು ಕೇಳುತ್ತಿದ್ದ ಪ್ರಶ್ನೆಯೇ ಸರಿಯಿಲ್ಲ ಎಂದು. ಪುಸ್ತಕಕ್ಕೆ ಬರೆಯುವುದು ನೋಡುಗನ ಕೆಲಸವೇ ಅಲ್ಲ. ಹಾಲು ಖರೀದಿ ಎಂದರೆ ಪುಸ್ತಕಕ್ಕೆ ಬರೆಯುವುದೇ. ಚೀಟಿ ಮತ್ತು ಬೋರ್ಡು ಆ ಖರೀದಿಯ ಸುದ್ದಿ. ಖರೀದಿಯನ್ನು ಅದರ ಸುದ್ದಿಯ ಸಾಲಿನಲ್ಲೇ ನಿಲ್ಲಿಸಿದ್ದರಿಂದ ಮೂರೂ ಸರಿಸಮ ಎನಿಸಿದ್ದವು. ಒಂದು ಕೆಲಸ ಆಗದಿದ್ದರೆ ಉಳಿದದ್ದಕ್ಕೆ ಅರ್ಥವೇ ಇಲ್ಲ ಎಂದಾದರೆ ಅದನ್ನು ಹೆಸರು ಹಿಡಿದು ನೇರವಾಗಿ ಕರೆಯಬೇಕು, ಉತ್ತರ ಬರುವವರೆಗೆ ಕಾಯಬೇಕು. ಯಾರು ಕೇಳುತ್ತಾರೆಂದು ತಿಳಿಯದೆ ಹೇಳಿ ಮುಗಿಸುವ ಸೌಕರ್ಯ ಅಬ್ಸರ್ವರ್ ಮಾದರಿಯ ಸೊಗಸು; ಲೆಕ್ಕದ ವಿಷಯದಲ್ಲಿ ಆ ಸೌಕರ್ಯವನ್ನು ತೆಗೆದುಕೊಳ್ಳುವ ಹಕ್ಕು ನಮಗಿಲ್ಲ.

ಈಗ ಖರೀದಿಯ ಕೋಡ್ ಮೊದಲು ಡೇಟಾಬೇಸಿಗೆ ಸಾಲು ಬರೆಯುತ್ತದೆ. ಬರೆದದ್ದು ಖಾತರಿಯಾಗಿ ಕ್ರಮಸಂಖ್ಯೆ ಬಂದ ಮೇಲೆ ಮಾತ್ರ ಸುದ್ದಿ ಹೊರಡುತ್ತದೆ. ಬರೆಯಲಾಗದಿದ್ದರೆ ಬೋರ್ಡಿಗೆ ಅಂಕಿಯೇ ಹೋಗುವುದಿಲ್ಲ, ತೆರೆಯ ಮೇಲೆ ಕೆಂಪು ಪಟ್ಟಿ ಬಂದು ತಕ್ಕಡಿ ಮುಂದಿನವರಿಗೆ ತೆರೆದುಕೊಳ್ಳುವುದಿಲ್ಲ. ಬೋರ್ಡಿನಲ್ಲಿ ಅಂಕಿ ಕಂಡರೆ ಪುಸ್ತಕದಲ್ಲಿ ಸಾಲು ಇದೆ ಎಂದೇ ಅರ್ಥ. ಓದು ಬಾರದ ಅಜ್ಜಿ ಮೊಮ್ಮಗಳಿಂದ ಓದಿಸಿಕೊಂಡು ನಂಬಿದ್ದು ಇದನ್ನೇ. ಅವರ ನಂಬಿಕೆ ಸರಿಯಾಗಿತ್ತು, ತಪ್ಪಾಗಿದ್ದದ್ದು ತಂತ್ರಾಂಶ.

ಸುದ್ದಿ ಕಳಿಸುವ ಭಾಗವನ್ನು ನಲವತ್ತು ಸಾಲಿನಲ್ಲಿ ನಾನೇ ಬರೆದೆ. ನೋಡುಗರ ಪಟ್ಟಿ ಕಾಪಿಆನ್‌ರೈಟ್‌ಅರೇಲಿಸ್ಟ್ ಎಂಬ ಸಿದ್ಧ ಪಟ್ಟಿಯಲ್ಲಿದೆ. ಸುತ್ತು ನಡೆಯುತ್ತಿರುವಾಗ ಯಾರು ಸೇರಿದರೂ ಬಿಟ್ಟರೂ ಆ ಸುತ್ತು ಕೆಡುವುದಿಲ್ಲ, ಮತ್ತು ಅದು ಸೇರಿದ ಕ್ರಮದಲ್ಲೇ ನಡೆಯುತ್ತದೆ. ಪ್ರತಿ ನೋಡುಗನ ಕರೆಯ ಸುತ್ತಲೂ ಎಕ್ಸೆಪ್ಷನ್ ಹಿಡಿಯುವ ಬೇಲಿ ಇದೆ. ಬೇಲಿಯೊಳಗೆ ಬಿದ್ದದ್ದು ಲಾಗಿಗೂ ಹೋಗುತ್ತದೆ, ಯಾವ ನೋಡುಗ ಎಂಬ ಹೆಸರಿನೊಂದಿಗೆ ತೆರೆಗೂ ಬರುತ್ತದೆ. 'ಬದಲಾಗಿದೆ' ಎಂಬ ಗುರುತು ಇಲ್ಲ. ಪ್ರತಿ ಖರೀದಿಯೂ ತನ್ನದೇ ಒಂದು ಸುದ್ದಿ, ಬದಲಾಯಿಸಲಾಗದ ಒಂದು ದಾಖಲೆ. ಹಳೆಯ ಅಬ್ಸರ್ವರ್ ಕೈಗೆ ಬರುತ್ತಿದ್ದದ್ದು ಯಾವುದೋ ಒಂದು ಆಬ್ಜೆಕ್ಟ್, ಅದನ್ನು ಇಂಥದ್ದೆಂದು ಊಹಿಸಿ ಬಳಸಬೇಕಿತ್ತು. ಯಾವ ಬಗೆಯ ವಸ್ತು ಬರುತ್ತದೆ ಎಂದು ಮೊದಲೇ ಹೇಳಿಡುವ ಜೆನೆರಿಕ್ಸ್ ಆ ಕಾಲದ ಜಾವಾದಲ್ಲಿ ಇರಲಿಲ್ಲ, ಅದು 2004ರಲ್ಲಿ ಬಂದದ್ದು. ಈಗ ಬರುವುದು 'ಖರೀದಿ' ಎಂದೇ ಕಂಪೈಲರಿಗೆ ಗೊತ್ತು.

ಪಟ್ಟಿಗೆ ಸೇರಿದವರಿಗೆ ಹೊರಹೋಗುವ ಚಾವಿಯನ್ನೂ ಆಗಲೇ ಕೈಗೆ ಕೊಡುವಂತೆ ಮಾಡಿದೆ. ನಮ್ಮ ಡೇರಿಗೆ ಇದರ ಅಗತ್ಯ ಕಡಿಮೆ, ಬೋರ್ಡು ಪ್ರಿಂಟರ್ ಎರಡೂ ದಿನವಿಡೀ ಇರುವವು. ಆದರೂ ಮಾಡಿದ್ದಕ್ಕೆ ಕಾರಣ 2005ರ ಒಂದು ಘಟನೆ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ಚಾಲಕರಹಿತ ವಾಹನಗಳ ಸ್ಪರ್ಧೆಯಲ್ಲಿ ಪ್ರಿನ್ಸ್‌ಟನ್ ವಿದ್ಯಾರ್ಥಿಗಳ ಗಾಡಿ ಅರ್ಧದಾರಿ ತಲುಪುವ ಮೊದಲೇ ನಿಂತಿತು. ದಾಟಿ ಬಂದ ಅಡ್ಡಿಗಳನ್ನು ಪಟ್ಟಿಯಿಂದ ತೆಗೆಯುತ್ತಿದ್ದರೂ, ಅವು ಇವೆಂಟಿನ ನೋಡುಗರಾಗಿ ಉಳಿದುಬಿಟ್ಟಿದ್ದರಿಂದ ಮೆಮೊರಿ ತೆರವಾಗುತ್ತಲೇ ಇರಲಿಲ್ಲ. ಹಿಂದೆ ಬಿಟ್ಟ ಪ್ರತಿ ಪೊದೆ, ಪ್ರತಿ ಕಲ್ಲು ಗಾಡಿಯ ತಲೆಯೊಳಗೆ ಕುಳಿತೇ ಇತ್ತು. ಗೆದ್ದದ್ದು ಸ್ಟ್ಯಾನ್‌ಫೋರ್ಡ್.

ರೋಲ್ ತೆಗೆದ ಬೆಳಿಗ್ಗೆ

ಪರೀಕ್ಷೆಗೆಂದು ಯಾವಾಗಲೂ ಎಕ್ಸೆಪ್ಷನ್ ಎಸೆಯುವ ಸುಳ್ಳು ಪ್ರಿಂಟರ್ ಒಂದನ್ನು ಬರೆದೆ. ಅದನ್ನು ಪಟ್ಟಿಯ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಇಟ್ಟು, ಪ್ರತಿ ಬಾರಿಯೂ ಪುಸ್ತಕದಲ್ಲಿ ಸಾಲು ಇದೆಯೇ, ಬೋರ್ಡಿಗೆ ಅಂಕಿ ಹೋಗಿದೆಯೇ ಎಂದು ನೋಡುವ ಪರೀಕ್ಷೆಗಳು ಈಗ ಪ್ರತಿ ಕಂಪೈಲಿನ ಜೊತೆ ಓಡುತ್ತವೆ. ಇದೇ ಪರೀಕ್ಷೆಯನ್ನು ಹಳೆಯ ಅಬ್ಸರ್ವೆಬಲ್ ಮೇಲೂ ಓಡಿಸಿದೆ, ಅದು ಬೀಳುವುದನ್ನು ಕಣ್ಣಾರೆ ನೋಡಲೇಬೇಕಿತ್ತು. ಬಿತ್ತು.

ಆಮೇಲೆ ಒಂದು ಬೆಳಿಗ್ಗೆ ಐದೂವರೆಗೆ ಡೇರಿಗೆ ಹೋಗಿ, ಕಾರ್ಯದರ್ಶಿಯವರ ಒಪ್ಪಿಗೆ ಪಡೆದು, ಪ್ರಿಂಟರಿನ ರೋಲನ್ನು ತೆಗೆದಿಟ್ಟೆ. ಏಳು ಮಂದಿ ಹಾಲು ಹಾಕಿದರು. ತೆರೆಯ ಮೂಲೆಯಲ್ಲಿ 'ಚೀಟಿ ಬಾಕಿ: 7' ಎಂದು ಬಂತು. ಬೋರ್ಡು ಒಬ್ಬೊಬ್ಬರ ಅಂಕಿಯನ್ನೂ ತೋರಿಸಿತು, ಪುಸ್ತಕದಲ್ಲಿ ಏಳು ಸಾಲು. ರೋಲ್ ಹಾಕಿ ಬಾಕಿ ಗುಂಡಿ ಒತ್ತಿದಾಗ ಏಳೂ ಚೀಟಿಗಳು ಪುಸ್ತಕದಿಂದಲೇ ಓದಿಕೊಂಡು ಬಂದವು. ಎಂಟನೆಯವರಾಗಿ ಅಜ್ಜಿ ಬಂದರು. ಅವರಿಗೆ ಚೀಟಿ ಕೂಡಲೇ ಸಿಕ್ಕಿತು, ಮಡಚಿ ಸೆರಗಿನ ಗಂಟಿಗೆ ಸೇರಿಸಿ ಖಾಲಿ ಕ್ಯಾನು ಎತ್ತಿಕೊಂಡು ಹೋದರು.

ಅಬ್ಸರ್ವೆಬಲ್ ನಮ್ಮ ತಂತ್ರಾಂಶದಲ್ಲಿ ಇನ್ನೂ ಒಂದು ಕಡೆ ಉಳಿದಿದೆ. ತಿಂಗಳ ವರದಿ ತಯಾರಾಗುವಾಗ ಎಷ್ಟು ಭಾಗ ಮುಗಿಯಿತು ಎಂದು ತೋರಿಸುವ ಪಟ್ಟಿಯೊಂದೇ ಅದರ ನೋಡುಗ. ಅದಕ್ಕೆ ಒಂದು ಸುದ್ದಿ ತಪ್ಪಿದರೆ ಪಟ್ಟಿ ಒಂದು ಹೆಜ್ಜೆ ತಡವಾಗಿ ಓಡುತ್ತದೆ, ಅಷ್ಟೆ. ಅಲ್ಲಿ ಕಂಪೈಲರಿನ ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದ ಸಾಲನ್ನು ತೆಗೆದಿದ್ದೇನೆ. ಪ್ರತಿ ಬಾರಿ ಕಂಪೈಲ್ ಮಾಡಿದಾಗಲೂ ಆ ಎಚ್ಚರಿಕೆ ಬರುತ್ತದೆ, ಬರಲಿ ಎಂದು ಬಿಟ್ಟಿದ್ದೇನೆ.